ಸೀಟು ಎಲ್ಲಿ ಸಿಕ್ಕೀತು? ಸಿಇಟಿ ಆಪ್ಷನ್ ಪಟ್ಟಿಯ ಲೆಕ್ಕಾಚಾರ

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ವೃತ್ತಿಪರ ಕೋರ್ಸಿಗೆ ಹೊರಟ ವಿದ್ಯಾರ್ಥಿಗೆ ಯಾವ ಕಾಲೇಜು ಸಿಗುತ್ತದೆ ಎಂಬುದು ನಾಲ್ಕು ಸಂಗತಿಗಳಿಂದ ತೀರ್ಮಾನವಾಗುತ್ತದೆ: ರ‍್ಯಾಂಕ್, ಮೀಸಲಾತಿ ವರ್ಗ, ಆ ವರ್ಷದ ಸೀಟುಗಳ ಲೆಕ್ಕ ಮತ್ತು ಬೇಕಾದ ಕಾಲೇಜು, ವಿಭಾಗಗಳನ್ನು ಕ್ರಮವಾಗಿ ಬರೆದು ವಿದ್ಯಾರ್ಥಿ ತುಂಬುವ ಆಪ್ಷನ್ ಪಟ್ಟಿ. ಫಲಿತಾಂಶ ಬಂದ ಮೇಲೆ ಮೊದಲ ಮೂರನ್ನು ಬದಲಿಸುವುದು ಯಾರ ಕೈಯಲ್ಲೂ ಇಲ್ಲ. ನಾಲ್ಕನೆಯದು ಪೂರ್ತಿ ವಿದ್ಯಾರ್ಥಿಯದೇ. ಒಳ್ಳೆಯ ರ‍್ಯಾಂಕ್ ಇದ್ದೂ ಬಯಸಿದ ಕಾಲೇಜು ತಪ್ಪಿಹೋಗುವುದು ಇಲ್ಲಿಯೇ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಅಂಕಗಳ ಜೊತೆಗೆ ವಿದ್ಯಾರ್ಥಿ ಬರೆದ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆಗಳನ್ನೂ ತೂಗಿ ನೋಡುತ್ತವೆ. ಹಾಗಾಗಿ ಅಲ್ಲಿ ಪ್ರವೇಶದ ಅಂದಾಜು ಬಹುಪಾಲು ಊಹೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಸೀಟು ಹಂಚಿಕೆಯಲ್ಲಿ ಇವಕ್ಕೆಲ್ಲ ಜಾಗವಿಲ್ಲ. ನಿಯಮ ಬಹಿರಂಗವಾಗಿದೆ, ಹಿಂದಿನ ವರ್ಷಗಳ ಕಟಾಫ್ ಕೂಡ ಸಿಗುತ್ತದೆ. ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆಯಲ್ಲಿ ಕುಳಿತೇ ಈ ಲೆಕ್ಕವನ್ನು ಮಾಡಬಹುದು. ದುಡ್ಡು ಕೊಟ್ಟು ಸಲಹೆಗಾರರನ್ನು ಹಿಡಿಯಬೇಕಿಲ್ಲ.

ರ‍್ಯಾಂಕ್ ಹುಟ್ಟುವ ಬಗೆ

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಮತ್ತು ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಎರಡೂ ಅರ್ಧರ್ಧ ಪಾಲು ಕೊಡುತ್ತವೆ. ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಗಣಿತದಲ್ಲಿ ಪಿಯುಸಿಯಲ್ಲಿ 300ಕ್ಕೆ 252 ಬಂದಿದ್ದರೆ ಅದು ಶೇ 84. ಅದೇ ವಿಷಯಗಳಲ್ಲಿ ಸಿಇಟಿಯಲ್ಲಿ 180ಕ್ಕೆ 90 ಬಂದಿದ್ದರೆ ಶೇ 50. ಎರಡರ ಅರ್ಧ ಸೇರಿಸಿದರೆ 42 ಮತ್ತು 25, ಒಟ್ಟು 67. ರಾಜ್ಯದ ಎಲ್ಲ ವಿದ್ಯಾರ್ಥಿಗಳನ್ನೂ ಈ ಒಟ್ಟು ಅಂಕದ ಇಳಿಕೆ ಕ್ರಮದಲ್ಲಿ ನಿಲ್ಲಿಸಿದಾಗ ಸಿಗುವ ಸ್ಥಾನವೇ ರ‍್ಯಾಂಕ್. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಎಂಬಿಬಿಎಸ್‌ಗೆ ಸಿಇಟಿ ರ‍್ಯಾಂಕ್ ನಡೆಯದು. ಅದಕ್ಕೆ 720 ಅಂಕಗಳ ನೀಟ್ ಬರೆಯಬೇಕು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದ ಶೇ 85 ರಾಜ್ಯದವರಿಗೆ. 2016ರಲ್ಲಿ 150 ಸೀಟುಗಳೊಂದಿಗೆ ಆರಂಭವಾದ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೂ ಇದೇ ನಿಯಮ. ಜಿಲ್ಲೆಯಲ್ಲೇ ಕಾಲೇಜು ಇದೆ ಎಂದು ಜಿಲ್ಲೆಯ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಪಾಲು ಸಿಗುವುದಿಲ್ಲ.

ವರ್ಗದ ಲೆಕ್ಕ

ಒಂದೇ ರ‍್ಯಾಂಕಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ ವರ್ಗಗಳಿಗೆ ಬೇರೆಬೇರೆ ಕಟಾಫ್ ಇರುತ್ತದೆ. ಪ್ರತಿ ವರ್ಗದ ಒಳಗೆ ಮತ್ತೆ ಶೇ 15 ಗ್ರಾಮೀಣ ಮೀಸಲಾತಿ, ಶೇ 5 ಕನ್ನಡ ಮಾಧ್ಯಮ ಮೀಸಲಾತಿ. ಕಟಾಫ್ ಪಟ್ಟಿಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ ಎಂದು ಕಾಣುವ ಗುರುತುಗಳು ಇವೇ: ಜಿಎಂ ಎಂದರೆ ಸಾಮಾನ್ಯ ವರ್ಗ, ಕೊನೆಯ ಆರ್ ಗ್ರಾಮೀಣ, ಕೆ ಕನ್ನಡ ಮಾಧ್ಯಮ.

ಹಳ್ಳಿಯ ಮನೆಗಳಲ್ಲಿ ಹೆಚ್ಚು ಗೊಂದಲ ಇರುವುದು ಈ ಎರಡು ಮೀಸಲಾತಿಗಳ ಬಗ್ಗೆ. ಗ್ರಾಮೀಣ ಮೀಸಲಾತಿಗೆ ಮನೆ ಹಳ್ಳಿಯಲ್ಲಿದ್ದರೆ ಸಾಲದು. 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷ ಓದಿದ ಶಾಲೆ ಗ್ರಾಮೀಣ ಪ್ರದೇಶದಲ್ಲಿರಬೇಕು. ಬದನಗುಪ್ಪೆಯ ಮಗು ಐದನೇ ತರಗತಿಯ ನಂತರ ಚಾಮರಾಜನಗರ ಪಟ್ಟಣದ ಕಾನ್ವೆಂಟಿಗೆ ಬಸ್ಸು ಹತ್ತಿದ್ದರೆ ಈ ಅರ್ಹತೆ ಹೋಯಿತು. ಹಾಗೆಯೇ ಕನ್ನಡ ಮಾಧ್ಯಮದ ಅರ್ಹತೆಗೂ ಹತ್ತು ವರ್ಷದ ಓದು ಕನ್ನಡದಲ್ಲೇ ಆಗಿರಬೇಕು. ಊರ ಸರ್ಕಾರಿ ಕನ್ನಡ ಶಾಲೆಯಲ್ಲೇ ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಓದಿದವರಿಗೆ ಎರಡೂ ದಕ್ಕುತ್ತವೆ. ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಸರಿಯಾಗಿಲ್ಲದಿದ್ದರೆ ಅರ್ಹತೆ ಇದ್ದೂ ಸಾಮಾನ್ಯ ವರ್ಗದಲ್ಲೇ ಪೈಪೋಟಿಗೆ ನಿಲ್ಲಬೇಕಾಗುತ್ತದೆ.

ಕಟಾಫ್ ಓದುವ ಕ್ರಮ

ಕಟಾಫ್ ಎಂದರೆ ಒಂದು ಕಾಲೇಜಿನ ಒಂದು ವಿಭಾಗದಲ್ಲಿ ಒಂದು ವರ್ಗದಡಿ ಕಡೆಯ ಸೀಟು ಪಡೆದವರ ರ‍್ಯಾಂಕ್. ಅದು ಮುಗಿದುಹೋದ ಹಂಚಿಕೆಯ ದಾಖಲೆ, ಮುಂದಿನ ವರ್ಷಕ್ಕೆ ಕೊಟ್ಟ ಭರವಸೆಯಲ್ಲ. ಹೊಸ ಸೀಟುಗಳು ಸೇರಿದರೆ, ಒಂದು ವಿಭಾಗಕ್ಕೆ ಬೇಡಿಕೆ ಏರಿದರೆ, ಪಿಯುಸಿ ಫಲಿತಾಂಶ ಸುಧಾರಿಸಿದರೆ ಅದು ಸರಿಯುತ್ತದೆ. ಆದ್ದರಿಂದ ಎರಡು ಮೂರು ವರ್ಷದ ಅಂಕಿಗಳನ್ನು, ಮೊದಲ ಸುತ್ತು ಮತ್ತು ಕಡೆಯ ಸುತ್ತಿನವನ್ನು ಬೇರೆಬೇರೆಯಾಗಿ, ಪಕ್ಕಪಕ್ಕ ಬರೆದುಕೊಳ್ಳಬೇಕು. 60 ಸೀಟುಗಳ ವಿಭಾಗದಲ್ಲಿ ಕನ್ನಡ ಮಾಧ್ಯಮದಂಥ ಸಣ್ಣ ಉಪವರ್ಗಕ್ಕೆ ಬರುವುದು ಒಂದೆರಡು ಸೀಟು ಅಥವಾ ಅದೂ ಇಲ್ಲ. ಅಂಥ ಕಡೆ ಒಬ್ಬ ವಿದ್ಯಾರ್ಥಿಯ ಆಯ್ಕೆಯಿಂದಲೇ ಕಟಾಫ್ ಸಾವಿರಾರು ಸ್ಥಾನ ಜಿಗಿಯಬಹುದು.

ಹೀಗೆ ನೋಡಿದ ಕಾಲೇಜುಗಳನ್ನು ಮೂರು ಗುಂಪು ಮಾಡುವುದು ಅನುಕೂಲ. ವಿದ್ಯಾರ್ಥಿಯ ರ‍್ಯಾಂಕ್ 40,000 ಎಂದಿಟ್ಟುಕೊಂಡರೆ, ಅವರ ವರ್ಗದಲ್ಲಿ 60,000ದವರೆಗೂ ಸೀಟು ಕೊಡುತ್ತ ಬಂದ ಕಾಲೇಜು ಬಹುತೇಕ ಖಚಿತ. 35,000ದಿಂದ 45,000ದ ನಡುವೆ ಓಲಾಡುವುದು ಅನುಮಾನದ್ದು. 20,000ಕ್ಕೇ ನಿಲ್ಲುವುದು ಆಸೆಯದು.

ಪಟ್ಟಿ ತುಂಬುವಾಗ

ಪಟ್ಟಿಯ ಕ್ರಮವನ್ನು ತೀರ್ಮಾನಿಸಬೇಕಾದದ್ದು ಇಷ್ಟ; ಸಾಧ್ಯತೆಯ ಲೆಕ್ಕವಲ್ಲ. ಗಣಕಯಂತ್ರ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಸೀಟು ಖಾಲಿ ಇರುವ ಮೊದಲ ಆಪ್ಷನ್ ಸಿಕ್ಕಿದ ಕೂಡಲೇ ಹಂಚುತ್ತದೆ, ಅದರ ಕೆಳಗಿನವೆಲ್ಲ ಅಳಿಸಿಹೋಗುತ್ತವೆ. ಬಯಸಿದ ಕಾಲೇಜನ್ನು ಹತ್ತನೆಯದಾಗಿ ಬರೆದರೂ, ಮೇಲಿನವು ಸಿಗದಿದ್ದಾಗ ರ‍್ಯಾಂಕ್ ಮುಟ್ಟಿದರೆ ಸೀಟು ಸಿಗುತ್ತದೆ; ಮೊದಲನೆಯದಾಗಿ ಬರೆದ ಮಾತ್ರಕ್ಕೆ ಯಾವ ಕಾಲೇಜೂ ಆದ್ಯತೆ ಕೊಡುವುದಿಲ್ಲ.

ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನ ಮೇಲೆ ಮನಸ್ಸಿರುವ ವಿದ್ಯಾರ್ಥಿ, ಅದು ಸಿಗದೇ ಹೋದೀತೆಂಬ ಅಂಜಿಕೆಯಿಂದ 2007ರಲ್ಲಿ ಆರಂಭವಾದ ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಮೊದಲು ಬರೆದನೆನ್ನಿ. ಅಲ್ಲಿ ಸೀಟು ಹಂಚಿಕೆಯಾದರೆ ಎನ್‌ಐಇಯಲ್ಲಿ ಅವನ ರ‍್ಯಾಂಕಿಗೆ ಸೀಟು ಉಳಿದಿತ್ತೇ ಎಂದು ಯಂತ್ರ ನೋಡುವುದೇ ಇಲ್ಲ. ಬೆಂಗಳೂರಿನ ಯುವಿಸಿಇ, ಆಮೇಲೆ ಎನ್‌ಐಇ, ಕೊನೆಗೆ ಚಾಮರಾಜನಗರ ಎಂದು ಬರೆದಿದ್ದರೆ ಅವನಿಗೆ ನಷ್ಟವೇನೂ ಇರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಮನೆಯಿಂದ ಓಡಾಡಿ ಓದುವುದೇ ಮುಖ್ಯವಾದವರಿಗೆ ಚಾಮರಾಜನಗರವೇ ಮೊದಲ ಆಪ್ಷನ್ ಆಗುವುದು ಸರಿ. ಹಾಸ್ಟೆಲ್ ಖರ್ಚು, ಶುಲ್ಕ, ಮೈಸೂರು ರೈಲಿನ ಸಮಯ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಿಗುತ್ತಿರುವ ಉಚಿತ ಬಸ್ ಪ್ರಯಾಣ ಇವೆಲ್ಲ ಇಷ್ಟವನ್ನು ರೂಪಿಸುವ ಸಂಗತಿಗಳೇ.

ಸಾಧ್ಯತೆಯ ಲೆಕ್ಕ ಬೇಕಾಗುವುದು ಪಟ್ಟಿ ಎಷ್ಟು ಉದ್ದವಿರಬೇಕೆಂದು ತಿಳಿಯಲು. ಖಚಿತ ಗುಂಪಿನ ಕೆಲವು ಕಾಲೇಜುಗಳು ಸೇರುವವರೆಗೆ ಅದು ಬೆಳೆಯಬೇಕು. ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜನ್ನು ಮಾತ್ರ ಬರೆಯಬಾರದು.

ಸುತ್ತುಗಳು

ಅಣಕು ಸೀಟು ಹಂಚಿಕೆ ಪಟ್ಟಿಯನ್ನು ತಿದ್ದಿಕೊಳ್ಳಲು ಸಿಗುವ ಅವಕಾಶ. ನಿಜವಾದ ಹಂಚಿಕೆಯ ನಂತರ ಛಾಯ್ಸ್ ದಾಖಲಿಸಬೇಕು. ಛಾಯ್ಸ್-1 ಎಂದರೆ ಸೀಟು ಒಪ್ಪಿ ಕಾಲೇಜು ಸೇರುವುದು. ಛಾಯ್ಸ್-2 ಎಂದರೆ ಸೀಟನ್ನು ಇಟ್ಟುಕೊಂಡು ಅದಕ್ಕಿಂತ ಮೇಲಿನ ಆಪ್ಷನ್‌ಗಳಿಗಾಗಿ ಮುಂದಿನ ಸುತ್ತಿಗೆ ಕಾಯುವುದು. ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಹಾಗಾಗಿ ಮನಸ್ಸು ಬದಲಾಗಿದ್ದರೆ ಮೇಲಿನ ಆಪ್ಷನ್‌ಗಳನ್ನು ಮೊದಲೇ ತೆಗೆದುಹಾಕಬೇಕು. ಛಾಯ್ಸ್-3ರಲ್ಲಿ ಸೀಟು ಬಿಟ್ಟು ಮುಂದಿನ ಸುತ್ತನ್ನಷ್ಟೇ ನಂಬಬೇಕು. ಛಾಯ್ಸ್-4 ಪ್ರಕ್ರಿಯೆಯಿಂದಲೇ ಹೊರಬರುವುದು.

ಎಂಜಿನಿಯರಿಂಗ್ ಸೀಟಿನ ಆಚೆಗೂ ದಾರಿಗಳಿವೆ. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದ್ದು, ಫಲಿತಾಂಶ ಉತ್ತಮಪಡಿಸಿಕೊಳ್ಳಲು ಅವಕಾಶವಿದೆ. ಚಾಮರಾಜನಗರ, ಗುಂಡ್ಲುಪೇಟೆಯ ಸರ್ಕಾರಿ ಪದವಿ ಕಾಲೇಜುಗಳಿಗೆ ಪಿಯುಸಿ ಅಂಕವೇ ಆಧಾರ. ಸಿಇಟಿ ಮೂಲಕವೇ ಸೀಟು ಹಂಚುವ ಬಿ.ಎಸ್ಸಿ ಕೃಷಿಯಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಆ ಪಾಲಿಗೆ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಇವುಗಳಿಗೆ ಅರ್ಜಿಯ ಕೊನೆಯ ದಿನಾಂಕಗಳು ಸಿಇಟಿ ಸುತ್ತುಗಳಿಗೆ ಕಾಯುವುದಿಲ್ಲವಾದ್ದರಿಂದ, ಆಪ್ಷನ್ ಪಟ್ಟಿಯ ಜೊತೆಯಲ್ಲೇ ಅವನ್ನೂ ಗುರುತು ಹಾಕಿಕೊಳ್ಳಬೇಕು.