ಛಾಯಾಗ್ರಾಹಕನ ಎರಡನೆಯ ಕಣ್ಣು

ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಂಥ ಊರಿನಲ್ಲಿ ತೇರೆಳೆಯುವ ಹೊತ್ತನ್ನು ನೆನೆದುಕೊಳ್ಳಬಹುದು. ಹಗ್ಗ ಹಿಡಿದ ನೂರಾರು ಮಂದಿಯ ದೃಷ್ಟಿ ಮುಂದಿನ ಹಾದಿಯ ಮೇಲಿರುತ್ತದೆ. ತೇರಿನೆದುರು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಿರುವ ಒಬ್ಬನ ದೃಷ್ಟಿ ಮಾತ್ರ ಕಳಸದ ಮೇಲೆ ನೆಟ್ಟಿರುತ್ತದೆ. ಅವನೇ ಛಾಯಾಗ್ರಾಹಕ. ಅವನ ಒಂದು ಕಣ್ಣು ಮುಚ್ಚಿದೆ. ಇನ್ನೊಂದು ಕ್ಯಾಮರಾದ ಕಿಂಡಿಗೆ ಅಂಟಿಕೊಂಡಿದೆ. ಬೆನ್ನ ಹಿಂದೆ ಕಲ್ಲಿದೆಯೋ ಗುಂಡಿಯಿದೆಯೋ ಅವನರಿಯ. ಅವನು ಎಡವಿ ಬಿದ್ದರೆ ಉರುಳುತ್ತಿರುವ ಗಾಲಿ ಥಟ್ಟನೆ ನಿಲ್ಲಲಾರದು.

ಅಪಾಯದ ನೆಲೆಗಳಲ್ಲಿ ದುಡಿಯುವ ಛಾಯಾಗ್ರಾಹಕರ ಕಷ್ಟದ ಮೂಲ ಇದೇ. ಕಿಂಡಿಯೊಳಗೆ ಇಣುಕಿದೊಡನೆ ಅಕ್ಕಪಕ್ಕದ ಲೋಕ ಮರೆಯಾಗುತ್ತದೆ. ಅಷ್ಟೇ ಅಲ್ಲ, ಮಸೂರವು ದೂರದ ಅಂದಾಜನ್ನೂ ಕೆಡಿಸುತ್ತದೆ. ವಿಶಾಲಕೋನದ ಮಸೂರದಲ್ಲಿ ನೋಡಿದಾಗ ಹತ್ತು ಹೆಜ್ಜೆಯಾಚೆ ನಿಂತ ಹೋರಿ ಇಪ್ಪತ್ತು ಹೆಜ್ಜೆಯಾಚೆ ಇದ್ದಂತೆ ತೋರಬಹುದು. ಚಿತ್ರ ಇನ್ನೂ ಚಿಕ್ಕದಾಯಿತೆಂದು ಅವನು ಮುಂದಕ್ಕೆ ಸರಿಯುವಷ್ಟರಲ್ಲಿ ಕೊಂಬು ಎದೆಯ ಬಳಿಗೆ ಬಂದಿರುತ್ತದೆ. ಆದುದರಿಂದಲೇ ಅನುಭವಿಗಳು ಎರಡನೆಯ ಕಣ್ಣನ್ನೂ ತೆರೆದಿಡುವ ರೂಢಿ ಮಾಡಿಕೊಳ್ಳುತ್ತಾರೆ; ನಡುನಡುವೆ ಕ್ಯಾಮರಾ ಇಳಿಸಿ ಸುತ್ತ ನೋಡುತ್ತಾರೆ.

ಕಾಡಿನಲ್ಲಿ ಈ ಎಚ್ಚರಕ್ಕೆ ತಿಳಿವಳಿಕೆಯೂ ಜೊತೆಗೂಡಬೇಕು. ಆನೆಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ತನ್ನ ಕಡೆಯಿಂದ ಆನೆಯತ್ತ ಬೀಸುತ್ತಿದ್ದರೆ ಬಲ್ಲವನು ಅಲ್ಲಿ ನಿಲ್ಲುವುದಿಲ್ಲ. ಓಡಿ ಪಾರಾಗುವೆನೆಂಬುದು ಬರಿಯ ಭ್ರಮೆ. ಅಷ್ಟು ದೊಡ್ಡ ಪ್ರಾಣಿ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲುದು. ಇತ್ತೀಚೆಗೆ ಮೊಬೈಲು ಹಿಡಿದು ವಾಹನದಿಂದಿಳಿದು ಆನೆಯೆದುರು ನಿಲ್ಲುವವರಿದ್ದಾರೆ. ಅವರನ್ನು ಧೀರರೆನ್ನುವುದು ಆ ಮಾತಿಗೇ ಅವಮಾನ.

ರಣರಂಗದಲ್ಲಿ ನುರಿತವರಿಗೂ ಭರವಸೆಯಿಲ್ಲ. ಐದು ಯುದ್ಧಗಳನ್ನು ಕಂಡ ರಾಬರ್ಟ್ ಕಾಪಾ 1954ರ ಮೇ 25ರಂದು ವಿಯೆಟ್ನಾಮಿನಲ್ಲಿ ಸೈನಿಕರ ಚಿತ್ರ ತೆಗೆಯಲೆಂದು ಜೀಪಿನಿಂದಿಳಿದು ಮುಂದೆ ನಡೆದನು. ನೆಲದಲ್ಲಿ ಹುದುಗಿದ್ದ ಸಿಡಿಗುಂಡನ್ನು ತುಳಿದು ಮಡಿದನು. ಕ್ಯಾಮರಾವೇ ಮೃತ್ಯುವಾದುದೂ ಉಂಟು. 2007ರ ಜುಲೈ 12ರಂದು ಬಾಗ್ದಾದಿನಲ್ಲಿ ರಾಯಿಟರ್ಸ್ ಸಂಸ್ಥೆಯ ಛಾಯಾಗ್ರಾಹಕ ನಮೀರ್ ನೂರ್ ಎಲ್ದೀನ್ ಹಿಡಿದಿದ್ದ ಉದ್ದನೆಯ ಮಸೂರವನ್ನು ಅಮೆರಿಕದ ಹೆಲಿಕಾಪ್ಟರಿನಲ್ಲಿದ್ದವರು ಆಯುಧವೆಂದು ಭ್ರಮಿಸಿ ಗುಂಡಿನ ಮಳೆಗರೆದರು. ಅವನೂ ಜೊತೆಗಿದ್ದವರೂ ಸತ್ತರು. ತಾನು ಏನನ್ನು ನೋಡುತ್ತಿದ್ದೇನೆಂಬುದರ ಜೊತೆಗೆ, ತಾನು ಪರರಿಗೆ ಹೇಗೆ ಕಾಣುತ್ತಿದ್ದೇನೆಂಬುದನ್ನೂ ಛಾಯಾಗ್ರಾಹಕನು ಯೋಚಿಸಬೇಕಾಗುತ್ತದೆ.

ಊರಿನ ಗಲಭೆಗಳಿಗೂ ಇದೇ ಮಾತು ಸಲ್ಲುತ್ತದೆ. ರೊಚ್ಚಿಗೆದ್ದ ಗುಂಪಿಗೆ ಕ್ಯಾಮರಾ ಎಂದರೆ ತನ್ನ ವಿರುದ್ಧದ ಸಾಕ್ಷಿ. ಬಲ್ಲವರು ಗುಂಪಿನ ನಡುವೆ ನುಗ್ಗದೆ ಅಂಚಿನಲ್ಲಿ, ಬೆನ್ನಿಗೆ ಗೋಡೆಯಿರುವಲ್ಲಿ ನಿಲ್ಲುತ್ತಾರೆ. ಹೊರಬೀಳುವ ಓಣಿಯನ್ನು ಮೊದಲೇ ನೋಡಿಟ್ಟಿರುತ್ತಾರೆ. ಒಬ್ಬ ಸಂಗಾತಿಯನ್ನು ಕರೆದೊಯ್ಯುತ್ತಾರೆ. ಕೊರಳಿಗೆ ತೂಗುಹಾಕಿದ ಪಟ್ಟಿಯನ್ನು ಹಿಂದಿನಿಂದ ಎಳೆದರೆ ಅದೇ ಉರುಲಾಗುವುದರಿಂದ ಅದನ್ನು ಮುಂಗೈಗೆ ಸುತ್ತಿಕೊಳ್ಳುವುದು ಲೇಸು. ಯಾರಾದರೂ ಕಿತ್ತುಕೊಳ್ಳಲು ಬಂದರೆ ಬಿಟ್ಟುಕೊಡುವುದೇ ಜಾಣತನ. ಕ್ಯಾಮರಾ ಮತ್ತೆ ಕೊಳ್ಳಲು ಸಿಗುತ್ತದೆ.

ಇಷ್ಟೆಲ್ಲ ಎಚ್ಚರವಿದ್ದೂ ಅಪಾಯ ಬಂದೆರಗಿದರೆ? 1997ರ ಅಕ್ಟೋಬರಿನಲ್ಲಿ ಬಂಡೀಪುರದಲ್ಲಿ ಹಾಗಾಯಿತು. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರನ್ನು ಸರಕಾರದ ದೊಡ್ಡ ಅಧಿಕಾರಿಗಳೆಂದು ತಪ್ಪಾಗಿ ತಿಳಿದು ಕಾಡುಗಳ್ಳ ವೀರಪ್ಪನ್ ಅಪಹರಿಸಿದನು. ಹದಿನಾಲ್ಕು ದಿನ ಅವರು ಬಂದೂಕುಗಳ ನಡುವೆ ಕಾಡಿನಲ್ಲಿ ಕಳೆದರು. ಅಲ್ಲಿ ಮುಷ್ಟಿಬಲ ಪ್ರಯೋಜನಕ್ಕೆ ಬರುವಂತಿರಲಿಲ್ಲ. ಸೆಣಸಿದ್ದರೆ ಒಂದು ಗುಂಡಿಗೆ ಕಥೆ ಮುಗಿಯುತ್ತಿತ್ತು. ಅವರು ಮಾತನ್ನು ನೆಚ್ಚಿದರು. ಪ್ರಾಣಿಪಕ್ಷಿಗಳ ವಿಷಯ ಅವರಿಗೂ ಗೊತ್ತಿತ್ತು, ಕಾಡಿನಲ್ಲೇ ಬದುಕಿದ್ದ ಆತನಿಗೂ ಗೊತ್ತಿತ್ತು. ಭಯವನ್ನು ಅದುಮಿಟ್ಟು, ಎದುರಿಗಿದ್ದವನನ್ನು ಮನುಷ್ಯನಂತೆ ಮಾತನಾಡಿಸುತ್ತ, ಆತನ ಸ್ವಭಾವವನ್ನು ಅರಿಯುತ್ತ ಅವರು ದಿನಗಳನ್ನು ನೂಕಿದರು. ಪ್ರಾಣಿಯ ನಡೆಯನ್ನು ಗಂಟೆಗಟ್ಟಲೆ ಕಾದು ನೋಡುವ ಅಭ್ಯಾಸ ಅವರಿಗೆ ಅಲ್ಲಿಯೂ ಒದಗಿರಬೇಕು. ಹದಿನಾಲ್ಕು ದಿನಗಳ ಮೇಲೆ ಅವರು ಜೀವಂತವಾಗಿ ಹಿಂದಿರುಗಿದರು.

ಕ್ಯಾಮರಾವನ್ನು ಅವರು ಕೆಳಗಿಡಲಿಲ್ಲ. ಮತ್ತೆ ಕಾಡಿಗೆ ಹೋಗಿ ವರ್ಷಗಟ್ಟಲೆ ಸೀಳುನಾಯಿಗಳ ಹಿಂದೆ ತಿರುಗಿದರು. ಆ ನಾಯಿಗಳನ್ನು ಕುರಿತು ತೆಗೆದ 'ದಿ ಪ್ಯಾಕ್' ಎಂಬ ಚಲನಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದು ಹೆಸರಾದ ಪಾಂಡಾ ಪ್ರಶಸ್ತಿ ದೊರೆಯಿತು.