ಉಕ್ಕಿನ ಬರದಲ್ಲಿ ಹುಟ್ಟಿದ ಗಾಡಿ

ಎರಡನೇ ಮಹಾಯುದ್ಧ ಗೆದ್ದ ಬ್ರಿಟನ್ನಿನ ಖಜಾನೆ ಬರಿದಾಗಿತ್ತು. ಸಾಲ ತೀರಿಸಲು ಡಾಲರ್ ಬೇಕು, ಡಾಲರಿಗೆ ರಫ್ತು ಬೇಕು. ಅದಕ್ಕಾಗಿ ಸರ್ಕಾರ ಉಕ್ಕಿಗೂ ರೇಷನ್ ಹಾಕಿತು. ಹೊರದೇಶಕ್ಕೆ ಹೆಚ್ಚು ಮಾರುವ ಕಂಪನಿಗೆ ಹೆಚ್ಚು ಉಕ್ಕು, ಉಳಿದವರಿಗೆ ಕೈಗೆ ಸಿಕ್ಕಷ್ಟು. ಅನುಕೂಲಸ್ಥ ಮಧ್ಯಮವರ್ಗಕ್ಕೆ ಗಂಭೀರ ಕಾರುಗಳನ್ನು ಮಾಡುತ್ತಿದ್ದ ರೋವರ್ ಕಂಪನಿಗೆ ಇದರಿಂದ ಉಸಿರು ಕಟ್ಟಿತು. ಕಾವೆಂಟ್ರಿಯಲ್ಲಿದ್ದ ಅದರ ಕಾರ್ಖಾನೆ ಬಾಂಬ್ ದಾಳಿಗೆ ಸಿಕ್ಕಿತ್ತು. ಸಾಲಿಹಲ್‌ನ ದೊಡ್ಡ ಕಾರ್ಖಾನೆಗೆ ಬಂದು ನೆಲೆಸಿದರೆ, ಅದನ್ನು ತುಂಬುವಷ್ಟು ಕೆಲಸವೇ ಇಲ್ಲ.

ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್‌ಗೆ ವೇಲ್ಸ್‌ನ ಆಂಗಲ್‌ಸಿ ದ್ವೀಪದಲ್ಲಿ ಜಮೀನಿತ್ತು. ಅಲ್ಲಿನ ಕೆಲಸಕ್ಕೆ ಆತ ಇಟ್ಟುಕೊಂಡಿದ್ದದ್ದು ಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಬಂದ ಅಮೆರಿಕನ್ ವಿಲ್ಲೀಸ್ ಜೀಪು. ಅದು ಸವೆದ ಮೇಲೆ ಏನು ಕೊಳ್ಳುವುದು? ಇನ್ನೊಂದು ಜೀಪನ್ನೇ, ಬೇರೆ ದಾರಿಯಿರಲಿಲ್ಲ. ಕಂಪನಿಯನ್ನು ನಡೆಸುತ್ತಿದ್ದ ಅಣ್ಣ ಸ್ಪೆನ್ಸರ್ ವಿಲ್ಕ್ಸ್‌ಗೆ 1947ರಲ್ಲಿ ರೆಡ್ ವಾರ್ಫ್ ಕೊಲ್ಲಿಯ ಮರಳಿನ ಮೇಲೆ ಗೆರೆ ಎಳೆದು ಆತ ಹೊಸ ಗಾಡಿಯ ಕಲ್ಪನೆ ವಿವರಿಸಿದನೆಂದು ಕಂಪನಿಯ ಚರಿತ್ರೆ ಹೇಳುತ್ತದೆ. ಅದೇ ವರ್ಷ ಜೀಪಿನ ಚಾಸಿಯ ಮೇಲೆ ಮೊದಲ ಮಾದರಿ ಎದ್ದು ನಿಂತಿತು. ಅದರ ಸ್ಟಿಯರಿಂಗ್ ಟ್ರಾಕ್ಟರಿನಲ್ಲಿರುವಂತೆ ನಟ್ಟನಡುವೆ ಇತ್ತು. ರಸ್ತೆಯ ಎಡಕ್ಕೆ ಓಡಿಸುವ ದೇಶಕ್ಕೂ ಬಲಕ್ಕೆ ಓಡಿಸುವ ದೇಶಕ್ಕೂ ಒಂದೇ ಗಾಡಿ ಸಾಕೆಂಬ ಈ ಯೋಚನೆ ಬಳಕೆಗೆ ಒಗ್ಗದೆ ಬಿಟ್ಟುಹೋಯಿತು.

ಲ್ಯಾಂಡ್ ರೋವರ್ ಎಂಬ ಹೆಸರು ಪಡೆದ ಈ ಗಾಡಿಯ ರೂಪವನ್ನು ತೀರ್ಮಾನಿಸಿದ್ದು ಬಡತನ. ಉಕ್ಕು ಸಿಗದು, ಆದರೆ ಅಲ್ಯೂಮಿನಿಯಂ ಸಿಗುತ್ತಿತ್ತು. ಅದಕ್ಕೆ ಮೆಗ್ನೀಸಿಯಂ ಬೆರೆಸಿದ ಬರ್ಮಬ್ರೈಟ್ ಎಂಬ ಮಿಶ್ರಲೋಹದಿಂದ ಮೈ ತಯಾರಾಯಿತು. ತಗಡನ್ನು ಬಾಗಿಸುವ ಭಾರೀ ಪ್ರೆಸ್‌ಗಳಿಗೆ ಹಣ ಹೂಡುವ ಸ್ಥಿತಿ ಇರಲಿಲ್ಲ, ಆದ್ದರಿಂದ ಎಲ್ಲ ಹಲಗೆಗಳೂ ಆದಷ್ಟು ಸಪಾಟು. ಮೊದಲ ಗಾಡಿಗಳಿಗೆ ಬಳಿದದ್ದು ಯುದ್ಧದಲ್ಲಿ ಮಿಕ್ಕಿದ್ದ ಹಸಿರು ಬಣ್ಣ. ಮುಂದೆ ಈ ಪೆಟ್ಟಿಗೆಯಂಥ ಆಕಾರವನ್ನೇ ಜನ ಮೆಚ್ಚಿದರು. ತುಕ್ಕು ಹಿಡಿಯದ ಮೈ ಮಳೆನಾಡುಗಳ ರೈತರಿಗೆ ಹಿಡಿಸಿತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ಹೊರಬಂದಾಗ ಅದರ ಬೆಲೆ 450 ಪೌಂಡ್, ಎಂಜಿನ್ 1.6 ಲೀಟರಿನದು. ಹೊಲದ ಯಂತ್ರಗಳನ್ನು ಓಡಿಸಲು ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ ಏರ್ಪಾಡೂ ಅದಕ್ಕಿತ್ತು. ಎರಡು ಮೂರು ವರ್ಷದ ಮಟ್ಟಿಗೆಂದು ಶುರುಮಾಡಿದ ಈ ಗಾಡಿ ಬಹುಬೇಗ ರೋವರ್ ಕಾರುಗಳ ಮಾರಾಟವನ್ನೇ ಮೀರಿಸಿತು.

ಹೊಲದ ಗಾಡಿ ಸಿರಿವಂತರ ಗಾಡಿಯಾದದ್ದು ಹೇಗೆ? ಚರ್ಮದ ಸೀಟಿನಿಂದ ಎಂದು ಹಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಉತ್ತರವಿರುವುದು ಸ್ಪ್ರಿಂಗಿನಲ್ಲಿ.

ಕೆಸರಲ್ಲಾಗಲಿ ಬಂಡೆಯ ಮೇಲಾಗಲಿ ಟೈರು ನೆಲ ಮುಟ್ಟಿದ್ದರೆ ಮಾತ್ರ ಗಾಡಿಗೆ ಹಿಡಿತ. ಗಾಳಿಯಲ್ಲಿ ತೇಲುವ ಚಕ್ರ ಎಷ್ಟು ಜೋರಾಗಿ ತಿರುಗಿದರೂ ಪ್ರಯೋಜನವಿಲ್ಲ. ಹಳೆಯ ಲ್ಯಾಂಡ್ ರೋವರ್‌ನಲ್ಲಿದ್ದದ್ದು ಲಾರಿಗಳಲ್ಲಿರುವಂಥ, ಪಟ್ಟಿಯ ಮೇಲೆ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್. ಗಟ್ಟಿ, ಆದರೆ ಬಿರುಸು. ವಿಲ್ಕ್ಸ್ ಸೋದರರ ಸೋದರಳಿಯ ಸ್ಪೆನ್ ಕಿಂಗ್ 1960ರ ದಶಕದಲ್ಲಿ ಗಾರ್ಡನ್ ಬ್ಯಾಶ್‌ಫರ್ಡ್ ಜೊತೆಗೂಡಿ ಹೊಸ ಗಾಡಿ ರೂಪಿಸುವಾಗ ಅದನ್ನು ಕೈಬಿಟ್ಟು, ಉದ್ದಕ್ಕೆ ಚಾಚಿಕೊಳ್ಳುವ ಸುರುಳಿ ಸ್ಪ್ರಿಂಗ್ ಹಾಕಿದ. ನೆಲ ಎಷ್ಟೇ ಏರಿಳಿದರೂ ಚಕ್ರ ಅದನ್ನು ಹಿಂಬಾಲಿಸುತ್ತದೆ, ಗುಂಡಿಗೆ ಇಳಿಯುತ್ತದೆ, ದಿಣ್ಣೆಗೆ ಮಡಚಿಕೊಳ್ಳುತ್ತದೆ. ಚಕ್ರ ಇಷ್ಟು ಓಲಾಡುವಾಗ ಮೇಲೆ ಕೂತವರಿಗೆ ಕುಲುಕಾಟ ಕಡಿಮೆ. ಹಿಡಿತಕ್ಕೆಂದು ಹಾಕಿದ ಸ್ಪ್ರಿಂಗೇ ಸುಖವನ್ನೂ ಕೊಟ್ಟಿತು.

ಎರಡನೆಯ ಗುಟ್ಟು ನಡುವಿನ ಡಿಫರೆನ್ಶಿಯಲ್. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ತುಳಿಸುವಾಗ ಒಳಬದಿಯ ಎತ್ತು ಮೆಲ್ಲಗೆ ಹೆಜ್ಜೆಯಿಡುತ್ತದೆ, ಹೊರಬದಿಯದು ಬಿರುಸಾಗಿ ನಡೆಯಬೇಕು. ಗಾಡಿ ತಿರುವಿನಲ್ಲಿ ಹೊರಳುವಾಗಲೂ ಹಾಗೆಯೇ, ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಎರಡೂ ಆಕ್ಸಲ್‌ಗಳನ್ನು ಬಿಗಿಯಾಗಿ ಕಟ್ಟಿಹಾಕಿದರೆ ಟಾರು ರಸ್ತೆಯಲ್ಲಿ ಗೇರುಗಳು ಒದ್ದಾಡುತ್ತವೆ, ಟೈರು ಸವೆಯುತ್ತದೆ. ನಡುವೆ ಡಿಫರೆನ್ಶಿಯಲ್ ಇದ್ದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಬಹುದು, ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುತ್ತಿರಬಹುದು. ಕೆಸರು ಬಂದಾಗ ಲಾಕ್ ಮಾಡಿದರಾಯಿತು. ಇದರ ಜೊತೆಗೆ ಅಮೆರಿಕದ ಬ್ಯೂಕ್‌ನಿಂದ ಬಂದ ಹಗುರ ಅಲ್ಯೂಮಿನಿಯಂ ವಿ8 ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. 1970ರ ಜೂನ್ 17ರಂದು ಬಂದ ರೇಂಜ್ ರೋವರ್ ಹೀಗೆ ಹೆದ್ದಾರಿಯಲ್ಲೂ ಹೊಲದಲ್ಲೂ ಒಂದೇ ನಿರಾಳದಲ್ಲಿ ಓಡಿತು.

ಆಗ ಅದರೊಳಗೆ ಇದ್ದದ್ದು ಪ್ಲಾಸ್ಟಿಕ್ ಸೀಟು, ಪೈಪು ಹಿಡಿದು ತೊಳೆಯಬಹುದಾದ ನೆಲ, ಎರಡೇ ಬಾಗಿಲು. ಪನಾಮ ಮತ್ತು ಕೊಲಂಬಿಯಾ ನಡುವಿನ ರಸ್ತೆಯೇ ಇಲ್ಲದ ಡೇರಿಯನ್ ಕಾಡನ್ನು ಬ್ರಿಟಿಷ್ ಸೇನೆಯ ಜಾನ್ ಬ್ಲ್ಯಾಶ್‌ಫರ್ಡ್-ಸ್ನೆಲ್ ನೇತೃತ್ವದ ತಂಡ 1972ರಲ್ಲಿ ಈ ಗಾಡಿಗಳಲ್ಲೇ ದಾಟಿತು. ನಾಲ್ಕು ಬಾಗಿಲು 1981ರಲ್ಲಿ ಬಂತು, ಆಮೇಲೆ ಆಟೊಮ್ಯಾಟಿಕ್ ಗೇರು, ಚರ್ಮ, ಮರದ ಅಲಂಕಾರ. 2008ರಲ್ಲಿ ಟಾಟಾ ಮೋಟರ್ಸ್ ಲ್ಯಾಂಡ್ ರೋವರ್ ಸಂಸ್ಥೆಯನ್ನು ಆಗ ಅದರ ಒಡೆತನ ಹೊಂದಿದ್ದ ಫೋರ್ಡ್‌ನಿಂದ ಕೊಂಡಿತು.

ತನ್ನ ಗಾಡಿಯನ್ನು ಅಂತಸ್ತಿನ ಗುರುತಾಗಿ ಮಾಡಲಿಲ್ಲವೆಂದು ಸ್ಪೆನ್ ಕಿಂಗ್ ಇಳಿವಯಸ್ಸಿನಲ್ಲಿ ಬಹಿರಂಗವಾಗಿಯೇ ಹೇಳಿದ. ಇಂಥ ಗಾಡಿಗಳನ್ನು ಪೇಟೆಯಲ್ಲಿ ಮೆರೆಸುವವರ ಬಗ್ಗೆ ಅವನಿಗೆ ಬೇಸರವಿತ್ತು. ಆ ಬೇಸರ ನ್ಯಾಯವಾದದ್ದೇ. ಗುಂಡಿ, ಬಂಡೆ, ಕೆಸರಿಗೆ ಅಳೆದು ಮಾಡಿದ ಯಂತ್ರಕ್ಕೆ ಪೇಟೆಯ ಸಿಗ್ನಲ್ಲಿನಲ್ಲಿ ಮಾಡಲು ಕೆಲಸವೇನೂ ಇಲ್ಲ.