ಹಳೇ ಕಾಲದ ಕಣ್ಣಿನ ಅಲಂಕಾರ: ಕಂದು ಬಣ್ಣದ ಡಬ್ಬಿ ಆರಿಸುವಾಗ ಏನು ನೋಡಬೇಕು?

ಮದುವೆ ಗೊತ್ತಾದ ಮನೆಯಲ್ಲಿ ಜವಳಿ, ಒಡವೆಯ ಮಾತು ಮುಗಿಯುತ್ತಲೇ ಮೇಕಪ್‌ನ ಮಾತು ಶುರುವಾಗುತ್ತದೆ. ಮೊದಲೆಲ್ಲ ಮದುಮಗಳ ರೆಪ್ಪೆಯ ಮೇಲೆ ಹಸಿರು, ನೀಲಿ, ಬಂಗಾರದ ಬಣ್ಣ ಮಿನುಗಬೇಕಿತ್ತು. ಈಗ ನಮ್ಮ ಚಿಕ್ಕಜಾಜೂರಿನ ಹುಡುಗಿಯರೂ "ಅಷ್ಟೆಲ್ಲ ಬೇಡ, ದಾದಿಯ ಮದುವೆ ಫೋಟೋದಲ್ಲಿರುವ ಹಾಗೆ ಸಾಕು" ಎನ್ನುತ್ತಿದ್ದಾರೆ. ರೈಲು ಹತ್ತಿ ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಿ, ಕಂದು ಬಣ್ಣಗಳ ಐಶ್ಯಾಡೋ ಡಬ್ಬಿಯೊಂದನ್ನು ಕೊಂಡು ತರುತ್ತಾರೆ. ಮನೆಯಲ್ಲಿ ಹಿರಿಯರು ಇಟ್ಟಿರುವ ಸುರ್ಮಾದಾನಿಯೂ ಅದರ ಜೊತೆ ಹೊರಬರುತ್ತದೆ.

ಈ ಸರಳತೆ ಒಳ್ಳೆಯದೇ. ಅಲಂಕಾರಕ್ಕೆ ನಮ್ಮ ದೀನ್‌ನಲ್ಲಿ ಅದರದೇ ಮಿತಿಯೊಳಗೆ ಸ್ಥಾನವಿದೆ. ಕಣ್ಣಿನ ಆರೋಗ್ಯದ ದೃಷ್ಟಿಯಿಂದಲೂ ಢಾಳಾದ ಬಣ್ಣಗಳಿಗಿಂತ ಕಂದು ಬಣ್ಣಗಳ ಆಯ್ಕೆ ಉತ್ತಮ. ಆದರೆ ಯಾವ ಡಬ್ಬಿ, ಎಲ್ಲಿ ಹಚ್ಚಬೇಕು, ಯಾವುದನ್ನು ಕಣ್ಣಿನ ಹತ್ತಿರ ತರಬಾರದು ಎಂಬ ತಿಳಿವಳಿಕೆ ಬೇಕು.

ಹಳೇ ಅಲಂಕಾರದ ಗುಟ್ಟು

ನಮ್ಮ ದಾದಿ, ನಾನಿಯರ ಕಾಲದ ಸ್ಟುಡಿಯೋ ಫೋಟೋಗಳು ಹೆಚ್ಚಾಗಿ ಕಪ್ಪು-ಬಿಳುಪಿನವು. 1950, 60ರ ದಶಕದ ಸಿನಿಮಾಗಳೂ ಬಹುಪಾಲು ಹಾಗೆಯೇ. 1960ರ 'ಮೊಘಲ್-ಎ-ಆಝಂ'ನ ಬಹುಭಾಗ ಕಪ್ಪು-ಬಿಳುಪಿನಲ್ಲಿದೆ. ಆ ಫಿಲ್ಮಿನಲ್ಲಿ ಹಸಿರು, ಗುಲಾಬಿ ಬಣ್ಣಗಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ತಿಳಿ ಮತ್ತು ಗಾಢದ ವ್ಯತ್ಯಾಸ ಮಾತ್ರ. ಆದ್ದರಿಂದ ಆಗಿನ ಅಲಂಕಾರವೆಲ್ಲ ನೆರಳಿನ ಕೆಲಸ: ರೆಪ್ಪೆಯ ಮೇಲೆ ತಿಳಿ ಬಣ್ಣ, ರೆಪ್ಪೆ ಮಡಚುವ ಗೆರೆಯಲ್ಲಿ ಸ್ವಲ್ಪ ಗಾಢ ಬಣ್ಣ, ಕೂದಲ ಬುಡದಲ್ಲಿ ಒಂದು ಕಪ್ಪು ಗೆರೆ, ತುದಿಯಲ್ಲಿ ಸಣ್ಣ ಬಾಲ. ಮಧುಬಾಲಾ, ವಹೀದಾ ರೆಹಮಾನ್, ನಮ್ಮ ಬಿ. ಸರೋಜಾದೇವಿಯವರ ಆ ಕಾಲದ ಚಿತ್ರಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ.

ಅಂದರೆ ಈ ಅಲಂಕಾರಕ್ಕೆ ಹದಿನೆಂಟು, ಇಪ್ಪತ್ತನಾಲ್ಕು ಬಣ್ಣಗಳ ದೊಡ್ಡ ಡಬ್ಬಿ ಬೇಕಿಲ್ಲ. ನಾಲ್ಕು ಬಣ್ಣ ಸಾಕು:

1. ನಿಮ್ಮ ಮೈಬಣ್ಣಕ್ಕೆ ಹತ್ತಿರದ ತಿಳಿ ಬಣ್ಣ, ಇಡೀ ರೆಪ್ಪೆಗೆ.
2. ಅದಕ್ಕಿಂತ ಒಂದೆರಡು ಪಟ್ಟು ಗಾಢವಾದ ಕಂದು, ಮಡಚುವ ಗೆರೆಗೆ.
3. ಕಾಫಿ ಪುಡಿಯಂಥ ಗಾಢ ಕಂದು, ಕಣ್ಣಿನ ಹೊರ ಮೂಲೆಗೆ.
4. ಕಪ್ಪು ಅಥವಾ ಕರಿಗಂದು, ಗೆರೆಗೆ.

ದೊಡ್ಡ ಡಬ್ಬಿಯಲ್ಲಿ ಮೂರು ಬಣ್ಣ ಬಳಸಿ ಉಳಿದವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕಿಂತ ಸಣ್ಣ ಡಬ್ಬಿ ಕೊಂಡು ಬೇಗ ಮುಗಿಸುವುದು ಕಣ್ಣಿಗೂ ಕ್ಷೇಮ, ಜೇಬಿಗೂ ಹಗುರ.

ನಿಮ್ಮ ಮೈಬಣ್ಣಕ್ಕೆ ಯಾವ ಕಂದು?

'ನ್ಯೂಟ್ರಲ್' ಎಂದು ಬರೆದ ಡಬ್ಬಿಗಳೆಲ್ಲ ಎಲ್ಲರಿಗೂ ಒಪ್ಪುವುದಿಲ್ಲ. ಹಲವು ಡಬ್ಬಿಗಳು ಬಿಳಿ ಚರ್ಮದವರನ್ನು ನೆನೆದು ತಯಾರಾದವು. ಅದರಲ್ಲಿನ ತಿಳಿ ಬಣ್ಣ ನಮ್ಮ ಕಪ್ಪು ಅಥವಾ ಎಣ್ಣೆಗೆಂಪು ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಬಣ್ಣದ ಹೆಸರು ಗೊಂದಲ ತಂದರೆ ಅಡುಗೆಮನೆಯ ಲೆಕ್ಕದಲ್ಲಿ ಯೋಚಿಸಿ. ಗೋಧಿ ಬಣ್ಣದವರಿಗೆ ತಿಳಿ ಬಣ್ಣವಾಗಿ ಗೋಧಿ ಹಿಟ್ಟು, ಗೆರೆಗೆ ಜಾಯಿಕಾಯಿ, ಮೂಲೆಗೆ ಕಾಫಿ ಪುಡಿ ಹೊಂದುತ್ತದೆ. ಕಪ್ಪು ಬಣ್ಣದವರಿಗೆ ತಿಳಿ ಬಣ್ಣವೇ ಬೆಲ್ಲದ ಬಣ್ಣದಿಂದ ಆರಂಭವಾಗಲಿ. ಮೇಲೆ ಚಕ್ಕೆ ಅಥವಾ ಇಟ್ಟಿಗೆಯ ಕೆಂಪುಗಂದು, ಮೂಲೆಗೆ ಕರಿಗಂದು ಇರಲಿ. ತುಸು ಕೆಂಪು ಬೆರೆತ ಕಂದು ಬಣ್ಣಗಳು ಕಪ್ಪು ಮೈಬಣ್ಣದ ಮೇಲೆ ಜೀವ ತುಂಬಿ ಕಾಣುತ್ತವೆ.

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಬಾಗಿಲ ಹೊರಗೆ ಹಗಲು ಬೆಳಕಿನಲ್ಲಿ ನೋಡಿ. ಅಂಗಡಿಯ ಟೆಸ್ಟರ್ ಡಬ್ಬಿಯನ್ನು ಮಾತ್ರ ಎಂದಿಗೂ ಕಣ್ಣಿಗೆ ಹಚ್ಚಬೇಡಿ. ಅದನ್ನು ನಿಮಗಿಂತ ಮೊದಲು ಎಷ್ಟು ಬೆರಳು ಮುಟ್ಟಿವೆಯೋ ಯಾರಿಗೆ ಗೊತ್ತು!

ಹೊಳಪಿಲ್ಲದ, 'ಮ್ಯಾಟ್' ಎಂದು ಬರೆದ ಪುಡಿಯನ್ನೇ ಆರಿಸಿ. ಹಳೇ ಅಲಂಕಾರಕ್ಕೆ ಅದೇ ಸರಿ. ಮಿರಮಿರ ಮಿಂಚುವ ಗ್ಲಿಟರ್ ಹೆಚ್ಚಾಗಿ ಪ್ಲಾಸ್ಟಿಕ್ ಹಾಳೆಯ ಸಣ್ಣ ಸಣ್ಣ ತುಂಡು. ಅದು ಕಣ್ಣೊಳಗೆ ಬಿದ್ದಾಗ ಉಜ್ಜಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಗೀರಿಹೋಗುತ್ತದೆ.

ಕಂದು ಬಣ್ಣ ಬರುವುದು ಎಲ್ಲಿಂದ?

ಹೊಳಲ್ಕೆರೆ, ಹೊಸದುರ್ಗದ ಕಡೆಯ ಕೆಂಪು ಮಣ್ಣು, ಕಬ್ಬಿಣದ ಅದಿರು ನಮಗೆ ಹೊಸದಲ್ಲ. ಆ ಮಣ್ಣಿಗೆ ಕೆಂಪು ಕೊಟ್ಟಿರುವ ಕಬ್ಬಿಣದ ಆಕ್ಸೈಡೇ ಐಶ್ಯಾಡೋದ ಕಂದು ಬಣ್ಣಕ್ಕೂ ಮೂಲ. ಕಬ್ಬಿಣದ ಆಕ್ಸೈಡ್‌ನಲ್ಲಿ ಕೆಂಪು, ಹಳದಿ, ಕಪ್ಪು ಎಂಬ ಮೂರು ಬಗೆ. ಇವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಬಿಳಿಗೆ ಟೈಟಾನಿಯಂ ಡೈಆಕ್ಸೈಡ್ ಸೇರಿಸಿದರೆ ಗೋಧಿ ಬಣ್ಣದಿಂದ ಕಾಫಿ ಬಣ್ಣದವರೆಗೆ ಎಲ್ಲವೂ ಸಿಗುತ್ತದೆ. ಇವು ನೀರಿನಲ್ಲಿ ಕರಗುವುದಿಲ್ಲ, ಚರ್ಮಕ್ಕೆ ಅಲರ್ಜಿ ತರುವುದೂ ಅಪರೂಪ. ಕಂದು ಬಣ್ಣಗಳು ಕಣ್ಣಿಗೆ ಒಳ್ಳೆಯ ಆಯ್ಕೆ ಎಂದದ್ದು ಇದಕ್ಕಾಗಿಯೇ.

ಹಾಗೆಂದು ಮನೆಯಲ್ಲಿ ಕೆಮ್ಮಣ್ಣು ಅರೆದು ಹಚ್ಚಿಕೊಳ್ಳುವ ಸಾಹಸ ಬೇಡ. ನೆಲದ ಮಣ್ಣಿನಲ್ಲಿ ಕಬ್ಬಿಣದ ಜೊತೆ ಸೀಸ, ಆರ್ಸೆನಿಕ್ ಕೂಡ ಇರಬಹುದು, ರೋಗಾಣುಗಳೂ ಇರುತ್ತವೆ. ಅದಕ್ಕಾಗಿಯೇ ಒಳ್ಳೆಯ ಕಂಪನಿಗಳು ಕಾರ್ಖಾನೆಯಲ್ಲಿ ತಯಾರಿಸಿದ ಶುದ್ಧ ಆಕ್ಸೈಡನ್ನು ಬಳಸುತ್ತವೆ.

ಡಬ್ಬಿಯ ಹಿಂಭಾಗ ಓದಿ

ಬಣ್ಣ ನೋಡುವ ಮೊದಲು ಡಬ್ಬಿಯನ್ನು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಸೀಸ ಮತ್ತು ಆರ್ಸೆನಿಕ್‌ನ ಸಂಯುಕ್ತಗಳನ್ನು ಬಣ್ಣಕ್ಕಾಗಿ ಬಳಸುವಂತಿಲ್ಲ. ಆದರೆ ಈ ನಿಯಮ ನಮ್ಮನ್ನು ಕಾಯುವುದು ನಿಯಮದೊಳಗೆ ತಯಾರಾದ ಸಾಮಾನು ಕೊಂಡಾಗ ಮಾತ್ರ. ಆದ್ದರಿಂದ ಇವಿಷ್ಟನ್ನು ನೋಡಿ:

• ತಯಾರಕರ ಹೆಸರು, ವಿಳಾಸ ಮತ್ತು ತಯಾರಿಕಾ ಪರವಾನಗಿ ಸಂಖ್ಯೆ. ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ.
• ಬ್ಯಾಚ್ ನಂಬರ್, ತಯಾರಾದ ತಿಂಗಳು, ಯಾವಾಗಿನವರೆಗೆ ಬಳಸಬಹುದು ಎಂಬ ವಿವರ.
• ಒಳಗಿನ ವಸ್ತುಗಳ ಪಟ್ಟಿ. ಕಬ್ಬಿಣದ ಆಕ್ಸೈಡ್‌ಗಳ ಗುರುತು ಸಿ.ಐ. 77491, 77492 ಮತ್ತು 77499. ಬಿಳಿಯದು 77891. ಅಭ್ರಕದ ಹೊಳಪು 77019.
• ಸಿ.ಐ. 75470 ಎಂದಿದ್ದರೆ ಅದು ಕಾರ್ಮೈನ್, ಒಂದು ಬಗೆಯ ಕೀಟದಿಂದ ತೆಗೆದ ಕೆಂಪು. ಗುಲಾಬಿ ಅಥವಾ ಕೆಂಪು ಛಾಯೆಯ ಕಂದಿನಲ್ಲಿ ಇದು ಇರಬಹುದು. ಕೆಲವರಿಗೆ ಇದರಿಂದ ಅಲರ್ಜಿ ಆಗುತ್ತದೆ. ಇದರ ಬಳಕೆಯ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ದೂರವಿರಬೇಕೆನ್ನುವವರಿಗೆ ಈ ಸಂಖ್ಯೆ ನೆನಪಿದ್ದರೆ ಸಾಕು.

ಹಿಂಭಾಗದಲ್ಲಿ ಏನೂ ಬರೆಯದ, ದೊಡ್ಡ ಕಂಪನಿಯ ಹೆಸರನ್ನು ಒಂದಕ್ಷರ ಬದಲಿಸಿ ಅಚ್ಚು ಹಾಕಿದ ಡಬ್ಬಿ ಎಷ್ಟೇ ಅಗ್ಗವಾದರೂ ಬೇಡ.

ಸುರ್ಮಾದ ವಿಷಯ

ಹಳೇ ಅಲಂಕಾರ ಎಂದಾಗ ಸುರ್ಮಾ ಬಂದೇ ಬರುತ್ತದೆ. ಯುನಾನಿ ವೈದ್ಯನಾಗಿ ಈ ವಿಷಯವನ್ನು ಬಿಚ್ಚಿ ಹೇಳುವುದು ನನ್ನ ಕರ್ತವ್ಯ. ಅರಬ್ಬಿ ಭಾಷೆಯಲ್ಲಿ ಸುರ್ಮಾಕ್ಕೆ ಕುಹ್ಲ್ ಎನ್ನುತ್ತಾರೆ, ಕಣ್ಣಿನ ವೈದ್ಯನಿಗೆ ಕಹ್ಹಾಲ್. ಬಗ್ದಾದಿನ ಅಲೀ ಇಬ್ನ್ ಈಸಾ ಅಲ್-ಕಹ್ಹಾಲ್ ಸುಮಾರು ಸಾವಿರ ವರ್ಷಗಳ ಹಿಂದೆಯೇ ನೂರಕ್ಕೂ ಹೆಚ್ಚು ಕಣ್ಣಿನ ರೋಗಗಳನ್ನು ವಿವರಿಸಿ ಗ್ರಂಥ ಬರೆದರು. ಇಸ್ಮಿದ್ ಎಂಬ ಸುರ್ಮಾದ ಪ್ರಸ್ತಾಪ ಹದೀಸ್ ಗ್ರಂಥಗಳಲ್ಲಿದೆ. ಅದರ ಬಗ್ಗೆ ನಮಗೆ ಗೌರವವಿದೆ.

ಆದರೆ ಇಂದು 'ಸುರ್ಮಾ' ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಇಸ್ಮಿದ್ ಅಲ್ಲ. ಇಸ್ಮಿದ್ ಎಂದರೆ ಆಂಟಿಮನಿ ಅದಿರು ಎಂಬುದು ರೂಢಿಯ ಅರ್ಥ. ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ ಬಿಡಿಯಾಗಿ ಸಿಗುವ ಹಲವು ಸುರ್ಮಾಗಳಲ್ಲಿ ಕಂಡದ್ದು ಸೀಸದ ಸಲ್ಫೈಡ್. ಅದೂ ಕಪ್ಪಾಗಿ ಮಿನುಗುವ ಕಲ್ಲೇ, ಅರೆದ ಮೇಲೆ ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯದು. ಕಣ್ಣಿನ ಸುರ್ಮಾದಿಂದ ಮಗುವಿಗೆ ಸೀಸದ ವಿಷ ಏರಿದ್ದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ 1968ರಲ್ಲೇ ವರದಿ ಮಾಡಿತ್ತು. ಹಜ್, ಉಮ್ರಾಕ್ಕೆ ಹೋದವರು ಪ್ರೀತಿಯಿಂದ ತಂದುಕೊಟ್ಟ ಪೊಟ್ಟಣವಾದರೂ ಅದರೊಳಗೆ ಏನಿದೆ ಎಂದು ಬರೆದಿರದಿದ್ದರೆ ಕಣ್ಣಿಗೆ ಹಾಕುವುದು ಸರಿಯಲ್ಲ.

"ಹೊರಗೆ ಹಚ್ಚಿದ್ದು ಒಳಗೆ ಹೇಗೆ ಹೋಗುತ್ತದೆ?" ಎಂದು ಕೇಳುವವರಿದ್ದಾರೆ. ಕಣ್ಣಿಗೆ ಔಷಧದ ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ತಿಳಿಯುವುದಿಲ್ಲವೇ? ಕಣ್ಣಿನ ಒಳಮೂಲೆಯಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ಕಣ್ಣೀರಿನ ದಾರಿ ಇದೆ. ಮಕ್ಕಳಾದರೆ ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುತ್ತಾರೆ. ಹೀಗೆ ಒಳಹೋದ ಸೀಸ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ, ರಕ್ತಹೀನತೆ ತರುತ್ತದೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮದುವೆಯಾಗುವ ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತಿದೆ. ಸೀಸ ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಗರ್ಭಿಣಿಯಾದಾಗ ಮೂಳೆಯಿಂದ ಕ್ಯಾಲ್ಸಿಯಂ ಬಿಡುಗಡೆಯಾಗುವಾಗ ಅದೂ ರಕ್ತಕ್ಕೆ ಇಳಿದು ಹೊಟ್ಟೆಯಲ್ಲಿರುವ ಮಗುವನ್ನು ತಲುಪುತ್ತದೆ. ಇವತ್ತು ಕಣ್ಣಿಗೆ ಹಾಕಿದ ಕಪ್ಪು ನಾಳಿನ ಮಗುವಿನ ಪಾಲಾಗಬಾರದು. ಚಿಲ್ಲಾ ಮುಗಿದ ಕೂಸಿನ ಕಣ್ಣಿಗೆ ಸುರ್ಮಾ ಹಾಕುವ ರೂಢಿಯನ್ನು ಹಿರಿಯರು ದಯವಿಟ್ಟು ಕೈಬಿಡಬೇಕು. ಮನೆಯಲ್ಲಿ ಹರಳೆಣ್ಣೆ ದೀಪದಿಂದ ಮಾಡಿದ ಕಾಡಿಗೆಯಲ್ಲಿ ಸೀಸ ಇರಲಿಕ್ಕಿಲ್ಲ. ಆದರೂ ಬೆರಳಿನ ಮೂಲಕ ಸೋಂಕು ತಗಲುವುದರಿಂದ ಕೂಸಿನ ಕಣ್ಣಿಗೆ ಅದೂ ಬೇಡ.

ಸುರ್ಮಾ ಬೇಕೇ ಬೇಕೆನ್ನುವ ದೊಡ್ಡವರು ಪರವಾನಗಿ ಸಂಖ್ಯೆ, 'ಯುನಾನಿ ಔಷಧ' ಎಂಬ ಬರಹ, ಒಳಗಿನ ವಸ್ತುಗಳ ಪಟ್ಟಿ ಇರುವುದನ್ನೇ ವೈದ್ಯರ ಸಲಹೆಯ ಮೇಲೆ ಬಳಸಲಿ. ಸಲಾಯಿ ಒಬ್ಬರಿಗೆ ಒಂದೇ. ಈದ್ ದಿನ ಒಂದೇ ಸಲಾಯಿ ಮನೆಮಂದಿಯ ಕಣ್ಣೆಲ್ಲ ಸುತ್ತಿದರೆ ಕಣ್ಣುಬೇನೆಯೂ ಜೊತೆಗೇ ಸುತ್ತುತ್ತದೆ. ಅಲಂಕಾರದ ಗೆರೆಗಷ್ಟೇ ಆದರೆ ಐಶ್ಯಾಡೋ ಡಬ್ಬಿಯ ಗಾಢ ಬಣ್ಣವನ್ನೇ ಒದ್ದೆ ಬ್ರಶ್ಶಿನಿಂದ ಎಳೆಯಬಹುದು. ಹಳೇ ಫೋಟೋದ ಮೃದುವಾದ ಗೆರೆ ಹೀಗೇ ಚೆನ್ನಾಗಿ ಬರುತ್ತದೆ.

ಹಚ್ಚುವುದು, ತೆಗೆಯುವುದು

ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ಅತಿ ತೆಳು, ಅರ್ಧ ಮಿಲಿಮೀಟರಿನಷ್ಟು. ರೆಪ್ಪೆಗೂದಲಿನ ಹಿಂದೆ, ಒಳ ಅಂಚಿನಲ್ಲಿ ಸಣ್ಣ ಎಣ್ಣೆಗ್ರಂಥಿಗಳ ಬಾಯಿಗಳು ಸಾಲಾಗಿವೆ. ಕಣ್ಣೀರು ಬೇಗ ಆರದಂತೆ ಕಾಯುವುದು ಈ ಎಣ್ಣೆಯೇ. ಪುಡಿ, ಕಾಡಿಗೆ ಅಲ್ಲಿ ತುಂಬಿಕೊಂಡರೆ ಕಣ್ಣು ಒಣಗಿ ಉರಿಯುತ್ತದೆ, ರೆಪ್ಪೆಯಲ್ಲಿ ಕುರು ಏಳುತ್ತದೆ. ಆದ್ದರಿಂದ ಯಾವುದೇ ಬಣ್ಣ ಕೂದಲಿನ ಹೊರಗಡೆಯೇ ಇರಲಿ, ಒಳ ಅಂಚಿಗೆ ಬೇಡ.

ಹೊಸ ಡಬ್ಬಿಯನ್ನು ಮದುವೆಯ ದಿನವೇ ಮೊದಲ ಬಾರಿಗೆ ಬಳಸಬೇಡಿ. ಒಂದು ವಾರ ಮೊದಲೇ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಕಂಡರೆ ಬಿಟ್ಟುಬಿಡಿ. ಬ್ಯೂಟಿ ಪಾರ್ಲರಿನವರು ಬಂದರೆ ನಿಮ್ಮದೇ ಡಬ್ಬಿ, ನಿಮ್ಮದೇ ಬ್ರಶ್ ಕೊಡಿ. ಇದರಲ್ಲಿ ಸಂಕೋಚವೇನೂ ಬೇಡ. ಅಕ್ಕತಂಗಿಯರ ನಡುವೆಯೂ ಬ್ರಶ್ ಹಂಚಿಕೆ ಬೇಡ. ಬ್ರಶ್ ಒದ್ದೆ ಮಾಡಲು ಉಗುಳು ಬಳಸಬೇಡಿ, ಶುದ್ಧ ನೀರು ಬಳಸಿ. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಲೆನ್ಸ್ ಹಾಕಿ ಆಮೇಲೆ ಬಣ್ಣ ಹಚ್ಚಲಿ. ತೆಗೆಯುವಾಗ ಮೊದಲು ಲೆನ್ಸ್ ತೆಗೆಯಲಿ.

ವುಝೂವಿನ ಬಗ್ಗೆ ಅನೇಕ ಸಹೋದರಿಯರು ಕೇಳುತ್ತಾರೆ. ಒಣ ಪುಡಿ ತೆಳುವಾಗಿದ್ದು ನೀರಿಗೆ ಹೋಗಿಬಿಡುತ್ತದೆ. ವಾಟರ್‌ಪ್ರೂಫ್ ಕ್ರೀಮ್, ಲೈನರ್, ಅಂಟಿಸುವ ಕೃತಕ ರೆಪ್ಪೆಗೂದಲು ನೀರನ್ನು ತಡೆಯುತ್ತವೆ. ಅವನ್ನು ವುಝೂಗೆ ಮೊದಲು ತೆಗೆಯಬೇಕಾಗುತ್ತದೆ. ಸಂದೇಹವಿದ್ದರೆ ಊರಿನ ಆಲಿಮರನ್ನು ಕೇಳಿ. ದಿನಕ್ಕೆ ಐದು ಹೊತ್ತು ಮುಖ ತೊಳೆಯುವವರಿಗೆ ಪುಡಿಯ ಐಶ್ಯಾಡೋವೇ ಅನುಕೂಲ.

ರಾತ್ರಿ ಬಣ್ಣ ತೆಗೆಯದೆ ಮಲಗಬೇಡಿ. ಒದ್ದೆ ಹತ್ತಿಗೆ ಎರಡು ಹನಿ ರೋಗನ್ ಬಾದಾಮ್ ಅಥವಾ ಶುದ್ಧ ಕೊಬ್ಬರಿ ಎಣ್ಣೆ ಹಾಕಿ, ಕಣ್ಣು ಮುಚ್ಚಿ ಮೃದುವಾಗಿ ಒರೆಸಿ, ನಂತರ ಮುಖ ತೊಳೆಯಿರಿ.

ವೈದ್ಯರ ಬಳಿ ಯಾವಾಗ?

ಪುಡಿ ಕಣ್ಣಿಗೆ ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಅಂಗಡಿಯ ಗುಲಾಬಿ ನೀರು, ಜೇನು, ಎದೆಹಾಲು ಯಾವುದನ್ನೂ ಕಣ್ಣಿಗೆ ಹಾಕಬೇಡಿ. ನೋವು, ದೃಷ್ಟಿ ಮಂಜು, ಬೆಳಕು ನೋಡಲಾಗದಿರುವುದು, ಕೀವು ಇದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ಕಣ್ಣುಬೇನೆಯ ಸಮಯದಲ್ಲಿ ಬಳಸಿದ ಡಬ್ಬಿ, ಬ್ರಶ್ ಎಸೆದುಬಿಡಿ, ವಾಸಿಯಾದ ಮೇಲೂ ಅವನ್ನು ಮುಟ್ಟಬೇಡಿ. ಬಹುಕಾಲ ಬಿಡಿ ಸುರ್ಮಾ ಹಾಕಿದ ಮಗು ಮಂಕಾಗಿದ್ದರೆ, ಹೊಟ್ಟೆನೋವು, ಮಲಬದ್ಧತೆ, ಬಿಳಚಿಕೊಂಡ ಮುಖ ಇದ್ದರೆ ಮಕ್ಕಳ ವೈದ್ಯರಿಗೆ ಸುರ್ಮಾದ ವಿಷಯ ತಪ್ಪದೆ ತಿಳಿಸಿ. ರಕ್ತದಲ್ಲಿನ ಸೀಸದ ಪ್ರಮಾಣ ತಿಳಿಯಲು ಪರೀಕ್ಷೆ ಇದೆ. ಬೇಗ ತಿಳಿದಷ್ಟೂ ಮಗುವಿಗೆ ಒಳಿತು.